ತೆರೆಯ ಈಚೆ

೨೦೧೫ನೆಯ ಇಸವಿ ಮಾರ್ಚ್ ಹದಿನಾಲ್ಕು, ಶನಿವಾರ, ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ ಭೌತಶಾಸ್ತ್ರದ ಮೇಷ್ಟರು ಬಚ್ಚಲಿನ ಕನ್ನಡಿಯ ಮುಂದೆ ನಿಂತು ನಿಷ್ಪಕ್ಷಪಾತಿಯ ಮುಖ ಮಾಡಿ ನೋಡಿಕೊಳ್ಳುತ್ತಿದ್ದರು. ಹುಬ್ಬು ಕೊಂಚ ಮೇಲಿರಬೇಕು, ಆದರೆ ಆಶ್ಚರ್ಯಪಟ್ಟಂತೆ ಕಾಣಬಾರದು. ತುಟಿ ಬಿಗಿಯಾಗಿರಬೇಕು, ಆದರೆ ಹಲ್ಲುನೋವಿನವರ ಹಾಗೆ ಅಲ್ಲ. ಹೆಂಡತಿ ದಂತವೈದ್ಯೆಯಾದ್ದರಿಂದ ಆ ಮುಖ ಯಾವುದೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಇವತ್ತು ಸಂಗೀತ ಸಭೆಯಲ್ಲಿ ತೆರೆ ಕಟ್ಟಿ ಹಾಡಿಸುವ ಮೊದಲ ಆಯ್ಕೆ. ಹಾಡುವವರು ತೆರೆಯ ಆಚೆ, ಕೇಳಿ ಅಂಕ ಕೊಡುವ ಮೂವರು ಈಚೆ. ಹಾಡುವವರಿಗೆ ಇವರ ಮುಖ ಕಾಣುವುದೇ ಇಲ್ಲ. ತೆರೆ ಬೇಕೆಂದು ಎರಡು ವರ್ಷ ಹಟ ಹಿಡಿದು ಕಟ್ಟಿಸಿದವರೇ ತಾವಾಗಿ, ಅದರ ಹಿಂದೆ ಕೂರಲು ಮುಖ ಸಿದ್ಧಮಾಡಿಕೊಳ್ಳುತ್ತಿರುವುದು ಅವರಿಗೇ ನಗು ತರಿಸಬೇಕಿತ್ತು; ತರಿಸಲಿಲ್ಲ. ಹಿಂದಿನ ಸಾಲಿನಲ್ಲಿ ಪತ್ರಿಕೆಯ ಫೋಟೋದವನು ಕೂತಿರುತ್ತಾನೆ.

ಅಡುಗೆಮನೆಯಲ್ಲಿ ಹೆಂಡತಿ ನಿಂತುಕೊಂಡೇ ಕಾಫಿ ಕುಡಿಯುತ್ತಿದ್ದಳು. "ರೀ, ಆ ನಿಮ್ಮ ಬ್ಯಾಂಡಿನ ಹುಡುಗಿ ಚೆನ್ನಾಗಿ ಹಾಡ್ತಾಳಾ?"

"ಪ್ರಶ್ನೆ ಅದಲ್ಲ ಕಣೇ."

"ಮತ್ತೆ ಯಾವುದು?"

"ಇಷ್ಟು ವರ್ಷದಿಂದ ಆ ವೇದಿಕೆ ಮೇಲೆ ಯಾರು ಕೂತಿದಾರೆ, ಯಾರು ಕೂತೇ ಇಲ್ಲ, ಅದು ಪ್ರಶ್ನೆ."

"ಸರಿಯಪ್ಪ, ಒಪ್ಪಿದೆ. ಚೆನ್ನಾಗಿ ಹಾಡ್ತಾಳಾ?"

ಮೇಷ್ಟರು ಕಾಲುಚೀಲ ಹುಡುಕಿದರು. ಅದು ಕೈಯಲ್ಲೇ ಇತ್ತು. "ನನ್ನ ಹತ್ರ ಬರೋರಿಗೆ ನಾನು ಮೊದಲು 'ಆ' ಅನ್ನಿ ಅಂತೀನಿ," ಎಂದು ಹೆಂಡತಿ ಲೋಟ ತೊಳೆದಳು. "ಬಾಯಿ ನೋಡದೆ ಹಲ್ಲಿನ ಬಗ್ಗೆ ಭಾಷಣ ಮಾಡಲ್ಲಪ್ಪ." ಅವಳು ಅಂದದ್ದರಲ್ಲಿ ಕೆಟ್ಟ ಉದ್ದೇಶವಿರಲಿಲ್ಲ. ಅದಕ್ಕೇ ಅದು ಚಪ್ಪಲಿಯೊಳಗಿನ ಕಲ್ಲಿನಂತೆ ದಾರಿಯುದ್ದಕ್ಕೂ ಒತ್ತಿತು.

ಬಸ್ ನಿಲ್ದಾಣದಿಂದ ಸಭಾಂಗಣದವರೆಗಿನ ರಸ್ತೆಯಲ್ಲಿ ಮೇಷ್ಟರು ಎಂದಿನಂತೆ ಜೇಬಿನಿಂದ ಶಬ್ದ ಅಳೆಯುವ ಸಣ್ಣ ಯಂತ್ರವನ್ನು ತೆಗೆದು ನೋಡಿದರು. ಕಾಲೇಜಿನಲ್ಲಿ ಹುಡುಗರು ತಮ್ಮನ್ನು ಡೆಸಿಬೆಲ್ ಮೇಷ್ಟ್ರು ಎನ್ನುವುದು ಅವರಿಗೆ ಗೊತ್ತಿತ್ತು, ಗೊತ್ತಿಲ್ಲದ ಹಾಗಿದ್ದರು. ಪ್ರತಿ ವರ್ಷ ಮೊದಲ ಪಾಠದಲ್ಲೇ ಹೇಳುತ್ತಿದ್ದರು: ಒಂದು ಡೆಸಿಬೆಲ್‌ಗಿಂತ ಕಡಿಮೆ ವ್ಯತ್ಯಾಸ ಮನುಷ್ಯನ ಕಿವಿಗೆ ಗೊತ್ತಾಗುವುದಿಲ್ಲ, ಗೊತ್ತಾಯಿತು ಅಂದವನು ಸುಳ್ಳು ಹೇಳುತ್ತಿದ್ದಾನೆ ಇಲ್ಲವೆ ಸಂಗೀತ ವಿಮರ್ಶೆ ಬರೆಯುತ್ತಿದ್ದಾನೆ. ಹುಡುಗರು ಪ್ರತಿ ವರ್ಷ ನಗುತ್ತಿದ್ದರು. ಇದೇ ರಸ್ತೆಯಲ್ಲಿ, ಹಣ್ಣಿನ ಅಂಗಡಿಯ ತಿರುವಿನಲ್ಲಿ, ಕಳೆದ ನವೆಂಬರಿನಲ್ಲಿ ಒಂದು ಶವಯಾತ್ರೆ ಹೋಗುತ್ತಿತ್ತು. ಮುಂದೆ ಬ್ಯಾಂಡು, ಕೆಂಪು ಕೋಟು, ಹಿತ್ತಾಳೆಯ ಗುಂಡಿ. ಕ್ಲಾರಿನೆಟ್ ಊದುತ್ತಿದ್ದ ಮುದುಕನ ಪಕ್ಕದಲ್ಲಿ ಒಬ್ಬಳು ಹುಡುಗಿ, ಔಷಧಿ ಅಂಗಡಿಯ ಬಿಳಿ ಕೋಟಿನಲ್ಲಿಯೇ ಓಡಿಬಂದವಳು, ಹಾರ್ನು ಬಾರಿಸುತ್ತಿದ್ದ ಕಾರಿನವನನ್ನು ಬೈಯುತ್ತಿದ್ದಳು. "ಸತ್ತೋನಿಗೇ ಅವಸರ ಇಲ್ಲ, ನಿನಗ್ಯಾಕೋ!" ಒರಟು, ಬಿರುಕುಬಿಟ್ಟ ದನಿ. ಯಂತ್ರ ತೊಂಬತ್ತೆರಡು ತೋರಿಸಿತು. ಮೇಷ್ಟರ ಮೈ ಜುಮ್ಮೆಂದಿತು. ಇದು, ಇದು ನಮ್ಮ ಸಭೆಯ ಗೋಡೆಗಳು ಕೇಳದೇ ಹೋದ ದನಿ. ಅವಳ ಹತ್ತಿರ ಹೋಗಿ, "ಹಾಡ್ತೀಯಾ?" ಎಂದಿದ್ದರು. "ಹಾಡ್ತೀನಿ ಸಾರ್, ಚಿಕ್ಕೋಳಿದ್ದಾಗಿಂದ ಒಬ್ಬರ ಹತ್ರ..." ಎಂದು ಅವಳು ಶುರುಮಾಡಿದಾಗ ಮೇಷ್ಟರು ಕೈಯೆತ್ತಿ ತಡೆದಿದ್ದರು. "ಅದೆಲ್ಲ ಇರಲಿ ಕಣಮ್ಮ. ಸಂಗೀತ ನಿಮ್ಮ ರಕ್ತದಲ್ಲೇ ಇದೆ." ಅವಳು ತನ್ನ ಮೊಣಕೈಯ ಒಳಗಿನ ನರವನ್ನೊಮ್ಮೆ ನೋಡಿಕೊಂಡಿದ್ದಳು.

ಆಮೇಲೆ ಅವಳ ಬಗ್ಗೆ ಮೂರು ಕಡೆ ಮಾತಾಡಿದ್ದರು, ಒಂದು ಲೇಖನ ಬರೆದಿದ್ದರು. ಲೇಖನದ ಹೆಸರು 'ಬೀದಿಯ ದನಿ'. ಶಾಸ್ತ್ರೀಯ ಸಂಗೀತ ನಯವಾದ ಕಂಠದ ಪೂಜೆಯಲ್ಲಿ ತನ್ನ ಜೀವ ಕಳೆದುಕೊಂಡಿದೆ, ಒರಟು ಗಂಟಲಿನಲ್ಲಿ ಇತಿಹಾಸವಿದೆ, ಎಂದೆಲ್ಲ ಇತ್ತು. ಅದನ್ನು ಓದಿ ಸಭೆಯ ಅಧ್ಯಕ್ಷರು ಫೋನ್ ಮಾಡಿ, "ನಮ್ಮ ಸೈನ್ಸಿನವರು ಬರೆದರೆ ಆ ತೂಕವೇ ಬೇರೆ," ಎಂದಿದ್ದರು. ಸೈನ್ಸಿನವರು. ಇಪ್ಪತ್ತು ವರ್ಷದಿಂದ ಸಭೆಯ ಸದಸ್ಯರಾದರೂ ಅಧ್ಯಕ್ಷರ ಬಾಯಲ್ಲಿ ಅವರು ಸಂಗೀತದವರಾಗಲೇ ಇಲ್ಲ. ಹುಡುಗನಾಗಿದ್ದಾಗ ಪಿಟೀಲು ಕಲಿಯಲು ಹೋಗುತ್ತಿದ್ದ ಮನೆಯ ಜಗುಲಿ, ಅಲ್ಲಿ ಮುಂದಿನ ಸಾಲಿನಲ್ಲಿ ಕೂರುತ್ತಿದ್ದ, ಹುಟ್ಟಿನಿಂದಲೇ ಶ್ರುತಿ ಸೇರಿಸಿಕೊಂಡು ಬಂದಂತಿದ್ದ ಮಕ್ಕಳು, ಅವರ ಇಸ್ತ್ರಿಯ ಬಟ್ಟೆ, ಅವರ ಕೊರಳಿನಿಂದ ಒಂದು ಗೀರೂ ಇಲ್ಲದೆ ಬರುತ್ತಿದ್ದ ಸ್ವರ. ಗುರುಗಳು ಒಂದು ದಿನ ಕಮಾನನ್ನು ಇವರ ಕೈಯಿಂದ ಮೆತ್ತಗೆ ತೆಗೆದುಕೊಂಡು, "ಗಣಿತ ಚೆನ್ನಾಗಿ ಬರತ್ತೆ ಅಲ್ವಾ ನಿಂಗೆ?" ಎಂದು ಕೇಳಿದ್ದರು. ಬೈದಿದ್ದರೆ ಮರೆಯಬಹುದಿತ್ತು. ಸಿಗ್ನಲ್ ಕೆಂಪಾಯಿತು. ಮೇಷ್ಟರು ಖಾಲಿ ರಸ್ತೆಯ ಅಂಚಿನಲ್ಲಿ ಅದು ಹಸಿರಾಗುವವರೆಗೆ ನಿಂತರು.

ಸಭಾಂಗಣದಲ್ಲಿ ತೆರೆ ಇಳಿಬಿಟ್ಟಾಗಿತ್ತು. ಕಪ್ಪು ಬಟ್ಟೆ, ವೇದಿಕೆಯ ಈ ತುದಿಯಿಂದ ಆ ತುದಿಗೆ. ಇದಕ್ಕಾಗಿ ಸರ್ವಸಮಾನ ಶ್ರುತಿ ಸಮಿತಿ ಎಷ್ಟು ಸಲ ಕೂತಿತ್ತೋ ಮೇಷ್ಟರಿಗೇ ನೆನಪಿಲ್ಲ. ಹೆಜ್ಜೆ ಸಪ್ಪಳದಿಂದ ಗುರುತು ಸಿಗಬಾರದೆಂದು ಜಮಖಾನ ಹಾಸಿದ್ದಾಯಿತು. ಬಳೆ ಬಿಚ್ಚಿಡಬೇಕು, ಸುಗಂಧ ಹಾಕಬಾರದು ಎಂದಾಯಿತು. ಕೆಮ್ಮಿದರೆ ಏನು ಮಾಡುವುದೆಂದು ಒಂದು ಇಡೀ ಸಂಜೆ ಚರ್ಚೆಯಾಯಿತು. ಕೆಮ್ಮಿನಲ್ಲೂ ಮನೆತನ ಗೊತ್ತಾಗುತ್ತದೆ ಎಂದು ಸಮಿತಿಯಲ್ಲಿದ್ದ ಪತ್ರಿಕೆಯ ವಿಮರ್ಶಕರು ವಾದಿಸಿ, ಕೆಮ್ಮು ಬಂದವರು ಗಂಟೆ ಬಾರಿಸಬೇಕೆಂದು ತೀರ್ಮಾನವಾಯಿತು. ಸಮಿತಿಯ ಹನ್ನೊಂದು ಜನರಲ್ಲಿ ಬ್ಯಾಂಡಿನವರ ಕಡೆಯವರು ಒಬ್ಬರೂ ಇರಲಿಲ್ಲ. ಅವರನ್ನು ಸೇರಿಸುವುದು ಹೇಗೆಂದು ಯೋಚಿಸಲು ಒಂದು ಉಪಸಮಿತಿ ಇತ್ತು.

ಅಂಕ ಕೊಡುವ ಮೂವರಲ್ಲಿ ಮೇಷ್ಟರ ಎಡಕ್ಕೆ ಅದೇ ವಿಮರ್ಶಕರು, ಬಲಕ್ಕೆ ದೊಡ್ಡಮ್ಮ. ಎಂಬತ್ತು ದಾಟಿದ ಗಾಯಕಿ, ಎಲ್ಲರಿಗೂ ದೊಡ್ಡಮ್ಮ. ಸಮಿತಿಯನ್ನು ಕಂಡರೆ ಆಗದು, ಬ್ಯಾಂಡಿನವರನ್ನು ಕಂಡರೂ ಆಗದು, ತೆರೆಯನ್ನು ಕಂಡು ಮೊದಲ ದಿನವೇ ಮೂಗು ಮುರಿದಿದ್ದರು.

"ಇದೇನಪ್ಪ, ಯಾರಾದ್ರೂ ಸ್ನಾನ ಮಾಡ್ತಿದಾರಾ ಆಚೆ?"

"ಸಮಾನತೆ ದೊಡ್ಡಮ್ಮ," ಎಂದರು ಮೇಷ್ಟರು. "ಹಾಡೋರು ಯಾರು ಅಂತ ಗೊತ್ತಾಗಬಾರದು. ಕಿವಿ ಮಾತ್ರ."

"ನಂಗೆ ಮೊದಲಿಂದ್ಲೂ ಕಿವೀನೇ ಇರೋದು. ನಿಮ್ಗೆ ಈಗ ಬಂತಾ?"

ವಿಮರ್ಶಕರು ಕರ್ಚೀಫಿನಲ್ಲಿ ನಕ್ಕರು. ಹಿಂದಿನ ಸಾಲಿನಲ್ಲಿದ್ದ ಅಧ್ಯಕ್ಷರು, ತಮ್ಮ ಮೊಮ್ಮಗಳೂ ಸ್ಪರ್ಧೆಯಲ್ಲಿರುವುದರಿಂದ ತಾವು ಅಂಕ ಕೊಡುವುದಿಲ್ಲವೆಂದು ಎರಡನೆಯ ಸಲ ಎಲ್ಲರಿಗೂ ಕೇಳುವಂತೆ ಹೇಳಿದರು. ಐದು ಜನ ಹಾಡುಗಾರ್ತಿಯರು, ವಾರ್ಷಿಕ ಕಛೇರಿಗಳ ಮುಖ್ಯ ವೇದಿಕೆಯಲ್ಲಿ ಒಂದೇ ಜಾಗ. ಆ ಜಾಗ ಸಿಕ್ಕಿದರೆ ಬ್ಯಾಂಡಿನ ಮನೆಯವರೊಬ್ಬರು ಆ ಮಣೆಯ ಮೇಲೆ ಕೂರುವುದು ಅದೇ ಮೊದಲು. ನಿನ್ನೆ ಅವಳು ಔಷಧಿ ಅಂಗಡಿಯಿಂದ ಫೋನ್ ಮಾಡಿದ್ದಳು. "ಬರಲಾ ಬೇಡ್ವಾ ಸಾರ್? ಅಪ್ಪ ಬೇಡ ಅಂತಿದಾರೆ. ಅಲ್ಲಿ ನಮ್ಮನ್ನ ಗೇಟಿನವರೆಗೆ ಊದೋಕೆ ಕರೀತಾರೆ, ಒಳಗೆ ಕರೆಯಲ್ಲ ಅಂತಾರೆ." "ತೆರೆ ಇದೆ ಕಣಮ್ಮ," ಎಂದಿದ್ದರು ಮೇಷ್ಟರು. "ನಾನಿದೀನಿ." ಎರಡರಲ್ಲಿ ಯಾವುದಾದರೂ ಒಂದಿದ್ದರೆ ಸಾಕಿತ್ತು ಎಂದು ಆಗ ಹೊಳೆದಿರಲಿಲ್ಲ.

ಒಂದನೆಯವಳು ಹಾಡಿದಳು, ಎರಡನೆಯವಳು ಹಾಡಿದಳು. ಮೇಷ್ಟರು ಕಾಯುತ್ತಿದ್ದರು. ಮೂರನೆಯ ದನಿ ತೆರೆಯನ್ನು ಹರಿದುಕೊಂಡು ಬಂತು. ಒರಟು. ಮೇಲಿನ ಸ್ವರಕ್ಕೆ ಏರುವಾಗ ಗಂಟಲು ಕಿತ್ತುಬರುವ ಹಾಗೆ ಸೀಳುತ್ತಿತ್ತು, ಇಳಿಯುವಾಗ ಉಸಿರು ಕೇಳುತ್ತಿತ್ತು. ಶ್ರುತಿ ಕೊಂಚ ತಗ್ಗಿತ್ತು. ತಗ್ಗಿದ್ದಲ್ಲ, ಮೇಷ್ಟರು ತಮ್ಮನ್ನೇ ತಿದ್ದಿಕೊಂಡರು, ಅದು ಪ್ರತಿರೋಧ. ಕಣ್ಣು ಮುಚ್ಚಿದರೆ ಹಣ್ಣಿನ ಅಂಗಡಿಯ ತಿರುವು, ಕೆಂಪು ಕೋಟು, ಹಿತ್ತಾಳೆಯ ಗುಂಡಿ. ಬಂದೆಯಾ ತಾಯಿ, ಎಂದುಕೊಂಡರು. ತಮಗೆ ಅಳು ಬರುತ್ತಿದೆಯೆಂಬುದನ್ನು ಗಮನಿಸಿ ಸಂತೋಷವಾಯಿತು. ಫೋಟೋದವನು ಎಲ್ಲಿದ್ದಾನೆಂದು ಹೊರಳಿ ನೋಡಿದ್ದು ತಮಗೂ ಗೊತ್ತಾಗದ ಹಾಗೆ. ಚೀಟಿಯಲ್ಲಿ ಒಂಬತ್ತು ಎಂದು ಬರೆದರು. ಹತ್ತು ಬರೆದರೆ ಪಕ್ಷಪಾತವಾದೀತು. ವಿಮರ್ಶಕರು ವಾರೆಗಣ್ಣಿನಿಂದ ಆ ಒಂಬತ್ತನ್ನು ನೋಡಿ, ತಾವು ಎಂಟು ಬರೆದು, "ಮಣ್ಣಿನ ವಾಸನೆ," ಎಂದು ಪಿಸುಗುಟ್ಟಿದರು. ಸುಗಂಧ ನಿಷೇಧವಾಗಿದ್ದ ಕೋಣೆಯಲ್ಲಿ ಮೇಷ್ಟರಿಗೂ ಆ ವಾಸನೆ ಬಂತು.

ಐದನೆಯವಳು ಶುರುಮಾಡಿದಾಗ ಮೇಷ್ಟರ ಮನಸ್ಸು ಆಗಲೇ ಸಂಜೆಯ ಮಾತುಗಳನ್ನು ಹೊಂದಿಸುತ್ತಿತ್ತು. ಮೊದಲು ಒಂದೇ ಸ್ವರ, ಆಧಾರದ ಸ್ವರ. ಯಾರೋ ಕೋಣೆಯೊಳಗೆ ದೀಪ ತಂದಿಟ್ಟ ಹಾಗೆ ಅದು ಬಂದು ನಿಂತಿತು, ಅಲುಗಲಿಲ್ಲ. ಆಮೇಲೆ ಅದರಿಂದ ಉಳಿದವು ಒಂದೊಂದಾಗಿ ಬಿಡಿಸಿಕೊಂಡವು. ಎಲ್ಲಿ ಉಸಿರು ತೆಗೆದಳೆಂದೇ ತಿಳಿಯಲಿಲ್ಲ. ಗೀರಿಲ್ಲ, ಕಲೆಯಿಲ್ಲ. ಮೇಷ್ಟರ ಮುಂಗೈಯ ಕೂದಲು ನೆಟ್ಟಗೆ ನಿಂತಿತು. ಎ.ಸಿ. ಜಾಸ್ತಿಯಾಯಿತು ಎಂದುಕೊಂಡು ಮಡಿಸಿದ ತೋಳನ್ನು ಕೆಳಗೆ ಎಳೆದುಕೊಂಡು ಗುಂಡಿ ಹಾಕಿಕೊಂಡರು. ಇದು ಯಾರೆಂದು ಹೇಳಬೇಕೇ? ಮೂರು ತಲೆಮಾರು, ಬೆಳಿಗ್ಗೆ ಐದಕ್ಕೆ ಎಬ್ಬಿಸುವ ಅಜ್ಜ, ಇಸ್ತ್ರಿಯ ಬಟ್ಟೆ. ಜಗುಲಿಯ ಮುಂದಿನ ಸಾಲು ತೆರೆಯ ಆಚೆ ಹಾಗೆಯೇ ಕೂತಿದೆ, ವಯಸ್ಸೇ ಆಗಿಲ್ಲ ಅದಕ್ಕೆ. ಇಷ್ಟು ಶುದ್ಧವಾಗಿ ಹಾಡಲು ಎಷ್ಟು ಜನರನ್ನು ಹೊರಗೆ ನಿಲ್ಲಿಸಿರಬೇಕು! ದೊಡ್ಡಮ್ಮ ಕಣ್ಣು ಮುಚ್ಚಿದ್ದರು, ನಿದ್ದೆ ಹೋಗಿರಬಹುದು. ಮೇಷ್ಟರು ನಾಲ್ಕು ಎಂದು ಬರೆದರು. ಬರೆದು, ಆ ನಾಲ್ಕರ ಮೂಲೆಯನ್ನು ಇನ್ನೊಮ್ಮೆ ತಿದ್ದಿ ಚೂಪು ಮಾಡಿದರು.

ಹಾಡು ಮುಗಿದು ಸ್ವಲ್ಪ ಹೊತ್ತಾದ ಮೇಲೆ ದೊಡ್ಡಮ್ಮ ಕಣ್ಣು ತೆರೆದರು. "ಐದನೇದು ಹಾಡು," ಎಂದರು. "ಉಳಿದಿದ್ದಕ್ಕೆ ಗಂಟೆ ಬಾರಿಸಬೇಕಿತ್ತು."

ಪಾಪ, ಎಂದುಕೊಂಡರು ಮೇಷ್ಟರು. ಹಳೆಯ ಕಾಲದವರು, ಅಭ್ಯಾಸಬಲ.

ಊಟದ ನಂತರ ಕಾರ್ಯದರ್ಶಿ ಅಂಕಗಳನ್ನು ಕೂಡಿದರು. ಮೂರನೆಯ ದನಿಗೆ ಇಪ್ಪತ್ತೆರಡು. ಐದನೆಯದಕ್ಕೆ ಇಪ್ಪತ್ತೊಂದು. ಎಷ್ಟು ಹತ್ತಿರ ಬಂದಿತ್ತಲ್ಲ ಎಂದು ಮೇಷ್ಟರು ಬೆರಳಿನಲ್ಲಿ ಲೆಕ್ಕ ಹಾಕಿದರು. ಆ ನಾಲ್ಕು ಐದಾಗಿದ್ದರೆ ಸಮ, ಆರಾಗಿದ್ದರೆ ಬಡಪಾಯಿ ಹುಡುಗಿ ಹೊರಗೆ. ಇತಿಹಾಸ ಇಂಥ ಸಣ್ಣ ಜಾಗದಲ್ಲಿ ತಿರುಗುತ್ತದೆ ಎಂಬ ವಾಕ್ಯ ತಾನಾಗಿ ಬಂತು, ಅದನ್ನು ಸಂಜೆಗೆ ಇಟ್ಟುಕೊಂಡರು. ತೆರೆ ಸರಿಸಿದರು. ಅದರ ಉಂಗುರಗಳು ಕಂಬಿಯ ಮೇಲೆ ಕಿರ್ರೆಂದವು. "ಆಯ್ಕೆಯಾದವರು, ಮೂರನೆಯ ಸಂಖ್ಯೆ," ಎಂದರು ಕಾರ್ಯದರ್ಶಿ, ಮತ್ತು ಅಧ್ಯಕ್ಷರ ಮೊಮ್ಮಗಳು ಎರಡು ಹೆಜ್ಜೆ ಮುಂದೆ ಬಂದು ಕೈ ಮುಗಿದಳು.

ಮೇಷ್ಟರು ಮೊದಲು ಚಪ್ಪಾಳೆ ತಟ್ಟಿದರು, ಆಮೇಲೆ ನೋಡಿದರು. ಸಾಲಿನ ಕೊನೆಯಲ್ಲಿ, ಎದೆಗೆ ಐದು ಎಂಬ ಚೀಟಿ ಅಂಟಿಸಿಕೊಂಡು, ಬಿಳಿ ಕೋಟನ್ನು ಮಡಿಸಿ ತೋಳಿನ ಮೇಲೆ ಹಾಕಿಕೊಂಡು ಅವಳು ನಿಂತಿದ್ದಳು. ಕೈಗಳು ಚಪ್ಪಾಳೆಯನ್ನು ಮುಂದುವರಿಸುತ್ತಲೇ ಇದ್ದವು. ಅವನ್ನು ನಿಲ್ಲಿಸಬೇಕಾದ ನರ ಎಲ್ಲಿದೆಯೋ ಅವರಿಗೆ ಸಿಗಲಿಲ್ಲ.

ಮೊಮ್ಮಗಳು ಮೆಟ್ಟಿಲಿಳಿದು ನೇರವಾಗಿ ಅವರ ಹತ್ತಿರವೇ ಬಂದಳು. ಮಾತಾಡುವ ದನಿ ಬೆಣ್ಣೆಯಂತಿತ್ತು. "ಅಂಕಲ್, ನಿಮ್ಮ ಲೇಖನ ಓದೋ ತನಕ ನಾನು ಹೇಗೆ ಹಾಡ್ತಿದ್ದೆ ಅಂದ್ರೆ ನಂಗೇ ನಾಚಿಕೆ. ಆಮೇಲೆ ಮೂರು ತಿಂಗಳು ಬರೀ ಒರಟು ಸಾಧನೆ. ತಾತನಿಗೆ ಎಷ್ಟು ಕೋಪ ಗೊತ್ತಾ? ಗಂಟಲು ಹಾಳಾಗತ್ತೆ ಅಂತಿದ್ರು." ಅವಳ ಕಣ್ಣಲ್ಲಿ ನಿಜವಾದ ಕೃತಜ್ಞತೆಯಿತ್ತು, ಸುಳ್ಳಿದ್ದರೆ ಎಷ್ಟು ಹಗುರವಾಗುತ್ತಿತ್ತು. ಹಿಂದಿನಿಂದ ಅಧ್ಯಕ್ಷರು ಬಂದು ಮೇಷ್ಟರ ಭುಜ ಹಿಡಿದು ಕುಲುಕಿದರು. "ತೆರೆ ಬೇಡ ಅಂತ ಎಷ್ಟು ಜಗಳ ಆಡಿದೆ ನಾನು, ಮೂರ್ಖ! ತೆರೆ ಇಲ್ದೆ ಇದ್ದಿದ್ರೆ ಮುದುಕ ಮೊಮ್ಮಗಳಿಗೆ ಕೊಡಿಸ್ದ ಅಂತಿದ್ರು ಜನ. ಈಗ ಯಾವನಾದ್ರೂ ಬಾಯಿ ಬಿಡ್ಲಿ ನೋಡೋಣ. ಪ್ರತಿ ವರ್ಷ ಕಟ್ಟೋಣ ಸಾರ್ ಇದನ್ನ!" ಫೋಟೋದವನು ಮೂವರನ್ನೂ ಹತ್ತಿರ ಸೇರಿಸಿ ನಿಲ್ಲಿಸಿದ. ನಿಷ್ಪಕ್ಷಪಾತಿಯ ಮುಖ ಹೇಗೆ ಮಾಡುವುದೆಂದು ಮೇಷ್ಟರಿಗೆ ಮರೆತುಹೋಗಿತ್ತು. ಬಂದದ್ದು ಹಲ್ಲುನೋವಿನ ಮುಖ.

ಜನ ಹೋದ ಮೇಲೆ ಅವರು ಕುರ್ಚಿಯಲ್ಲೇ ಕೂತಿದ್ದರು. ಅವಳು ಹೋಗಿರಬಹುದು ಎಂದು ಆಸೆಪಟ್ಟರು. ಹೋಗಿರಲಿಲ್ಲ. ವೇದಿಕೆಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತು ಬಳೆ ಹಾಕಿಕೊಳ್ಳುತ್ತಿದ್ದಳು.

"ಎಷ್ಟರಲ್ಲಿ ಹೋಯ್ತು ಸಾರ್?" ಅದೇ ಒರಟು, ಬಿರುಕುಬಿಟ್ಟ ದನಿ. ಬೀದಿಯಲ್ಲಿ ಡೋಲಿನ ಸದ್ದನ್ನು ಮೀರಿ ಕೂಗಿ ಕೂಗಿ ಆದದ್ದು, ಮಾತಿಗೆ ಮಾತ್ರ.

"ಒಂದು ಅಂಕ."

"ಅಯ್ಯೋ, ಒಂದೇನಾ." ಅವಳು ನಕ್ಕಳು. "ನೀವೆಷ್ಟು ಕೊಟ್ರಿ?"

"ಅದು ಗೋಪ್ಯ ಕಣಮ್ಮ. ನಿಯಮ."

"ಯಾರು ಮಾಡಿದ್ದು ನಿಯಮ?"

ಈಗ ಹೇಳಿಬಿಡಬೇಕು ಎಂದುಕೊಂಡರು. ನಾಲ್ಕು. ಒಂದೇ ಪದ. ಅವಳು ನವೆಂಬರಿನಲ್ಲಿ ಕಾರಿನವನಿಗೆ ಕೂಗಿದ್ದೂ ಒಂದೇ ಮಾತು, ಅದನ್ನು ಹಿಡಿದುಕೊಂಡು ತಾವು ಎಷ್ಟು ದೂರ ಬಂದುಬಿಟ್ಟರು. ನಾಲ್ಕು ಎಂದರೆ ಆಮೇಲೆ ಯಾಕೆ ಎನ್ನುತ್ತಾಳೆ. ಚೆನ್ನಾಗಿ ಹಾಡಿದೆ, ಅದಕ್ಕೆ, ಎನ್ನಬೇಕಾಗುತ್ತದೆ. ಬಾಯಿ ತೆರೆದರು. ಮೂವತ್ತು ವರ್ಷ ಪಾಠ ಮಾಡಿದ ಬಾಯಿ ತನಗೆ ಗೊತ್ತಿದ್ದ ದಾರಿ ಹಿಡಿಯಿತು. "ತಪ್ಪಾಗಿದ್ದು ತೆರೆಯಿಂದಮ್ಮ. ಬಟ್ಟೆ ಇದೆಯಲ್ಲ, ಅದು ಮೇಲಿನ ಕಂಪನಗಳನ್ನ ನುಂಗಿಬಿಡತ್ತೆ. ಸೂಕ್ಷ್ಮ ಎಲ್ಲ ಆ ಕಡೇನೇ ಉಳಿದುಬಿಡತ್ತೆ. ನಿನ್ನ ದನಿ ನಮಗೆ ಪೂರ್ತಿ ತಲುಪಲೇ ಇಲ್ಲ."

"ಅವಳದ್ದು ತಲುಪ್ತಾ?"

ಮೇಷ್ಟರು ತೋಳಿನ ಗುಂಡಿ ಬಿಚ್ಚಿ ಮತ್ತೆ ಹಾಕಿಕೊಂಡರು.

"ಎಷ್ಟು ನುಂಗ್ತು ಸಾರ್?" ಅವಳು ವೇದಿಕೆಯಿಂದ ಧುಮುಕಿದಳು. "ಯಂತ್ರ ನಿಮ್ಮ ಜೇಬಲ್ಲೇ ಇದೆಯಲ್ಲ, ಅವತ್ತು ನಾನು ಕಾರಿನೋನನ್ನ ಬೈತಿದ್ದಾಗ ಹಿಡಿದಿದ್ರಲ್ಲ ಮುಖಕ್ಕೆ. ಅಳೆದುಬಿಡಿ. ಅಪ್ಪನಿಗೆ ಹೇಳೋಕೆ ಬೇಕು. ಊದೋರ ಮಗಳು ಅಂತ ಬಿಟ್ರಾ, ಇಲ್ಲ ಬಟ್ಟೆಗೆ ಬಿಟ್ರಾ ಅಂತ ಕೇಳ್ತಾರೆ."

"ಅದಕ್ಕೆ ಒಂದೇ ಸಮನಾದ ಶಬ್ದ ಬೇಕು. ಮನುಷ್ಯರ ದನಿ ಆಗಲ್ಲ, ಏರಿಳಿಯತ್ತೆ."

"ಏರಿಳಿಯಲ್ಲ," ಎಂದಳು. "ಅಪ್ಪ ಕ್ಲಾರಿನೆಟ್ಟಿಗೆ ಶ್ರುತಿ ಸೇರಿಸೋದೇ ನನ್ನ ಹಿಡ್ಕೊಂಡು."

ಅವರು ಎದ್ದರು. ಬೇರೆ ಏನೂ ಮಾಡಲು ತಿಳಿಯದಿದ್ದಾಗ ಅಳತೆ ಮಾಡುವುದು ಅವರಿಗೆ ಯಾವಾಗಲೂ ಸಮಾಧಾನ ಕೊಡುತ್ತಿತ್ತು. ಅವಳನ್ನು ವೇದಿಕೆಯ ಮೇಲೆ ಹಾಡುವವರ ಜಾಗದಲ್ಲಿ ನಿಲ್ಲಿಸಿ, ತಾವು ಬೆಳಿಗ್ಗೆ ಕೂತಿದ್ದ ಕುರ್ಚಿಗೇ ಬಂದರು. ತೆರೆ ಮುಚ್ಚಿ ಮೂರು ಸಲ, ತೆರೆದು ಮೂರು ಸಲ. ಯಂತ್ರವನ್ನು ಎದೆಯ ಮಟ್ಟಕ್ಕೆ ಹಿಡಿದು ಒಂದು ಮಾತು ಹೇಳಬೇಕಾಯಿತು. ಎಷ್ಟು ಸಣ್ಣ ಮಾತು, ನವೆಂಬರಿನಿಂದ ಒಮ್ಮೆಯೂ ಈ ನಾಲಿಗೆಯ ಮೇಲೆ ಬಂದಿರಲಿಲ್ಲ ಎಂದು ಅದು ಹೊರಗೆ ಬೀಳುವಾಗ ಗೊತ್ತಾಯಿತು.

"ಹಾಡಮ್ಮ."

ಆಧಾರದ ಸ್ವರ ಬಂದು ನಿಂತಿತು. ಮುಂಗೈಯ ಕೂದಲು ಮತ್ತೆ ಎದ್ದಿತು, ಎ.ಸಿ. ಆರಿಸಿ ಬಹಳ ಹೊತ್ತಾಗಿತ್ತು. ಮೇಷ್ಟರು ಅವಳನ್ನು ನೋಡಲಿಲ್ಲ. ಕಣ್ಣನ್ನು ಯಂತ್ರದ ಮೇಲೇ ಇಟ್ಟುಕೊಂಡಿದ್ದರು. ತೆರೆ ಸರಿಯಿತು, ಉಂಗುರಗಳು ಕಿರ್ರೆಂದವು. ಅದೇ ಸ್ವರ, ಕೂದಲೆಳೆಯಷ್ಟೂ ಅಲುಗದೆ. ಆರು ಸಲವೂ ಅವರು ಕೇಳಿದಷ್ಟು ಹೊತ್ತು ಅವಳು ಹಿಡಿದಳು. ಮೇಷ್ಟರು ಅಂಗೈ ಮೇಲೆ ಪೆನ್ನಿನಿಂದ ಬರೆದು ಕಳೆದರು. ಮತ್ತೊಮ್ಮೆ ಕಳೆದರು.

"ಎಷ್ಟು ಸಾರ್?" ಎಂದಳು ಅವಳು, ಕೋಟು ಹಾಕಿಕೊಳ್ಳುತ್ತ.

ತೆರೆ ತಡೆದದ್ದು ಅರ್ಧ ಡೆಸಿಬೆಲ್.